ಕೊನೆಯ ವಾಹನದ ಕೋಲು

ನಿಂತ ವಾಹನಗಳ ಸಂದಿಯಲ್ಲಿ ಬೈಕು ತೂರಿಸಿಕೊಂಡು ಮುಂದೆ ಹೋಗುವುದು ತಪ್ಪಲ್ಲ ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ತಪ್ಪು ಎಂದೂ ಅಷ್ಟೇ ಚೆನ್ನಾಗಿ ವಾದಿಸಬಲ್ಲೆ. ಕಾಲೇಜಿನಲ್ಲಿ ನನಗೆ ಕಲಿಸಿದ್ದೇ ಅದು. ಚೀಟಿಯಲ್ಲಿ ‘ಪರ’ ಎಂದು ಬಂದರೆ ಪರ, ‘ವಿರೋಧ’ ಎಂದು ಬಂದರೆ ವಿರೋಧ, ತಯಾರಿಗೆ ಐದು ನಿಮಿಷ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಫಲಕಗಳು ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ಸಾಲಾಗಿ ಇವೆ. ಅವನ್ನು ಒರೆಸುವಾಗಲೆಲ್ಲ ಅಮ್ಮ, “ಇಷ್ಟು ಬಾಯಿ ಮಾಡಿದ್ದಕ್ಕೆ ಮರದ ತುಂಡು” ಅನ್ನುತ್ತಾಳೆ.

ಪರವಾದ ವಾದ ಹೀಗೆ ಶುರುವಾಗುತ್ತದೆ. ರಸ್ತೆ ನಿಯಮಗಳ ಪುಸ್ತಕ ಪಥದ ಬಗ್ಗೆ ಮಾತಾಡುತ್ತದೆ: ನಿನ್ನ ಪಥದಲ್ಲಿ ಹೋಗು, ಪಥ ಬದಲಿಸುವ ಮೊದಲು ಸೂಚನೆ ಕೊಡು, ಎಡಗಡೆಯಿಂದ ಹಿಂದಿಕ್ಕಬೇಡ. ಪಥ ಎಂದರೆ ಬಿಳಿ ಗೆರೆ. ನಮ್ಮ ರಸ್ತೆಗಳಲ್ಲಿ ಗೆರೆ ಎಲ್ಲಿದೆ? ಬಳಿದ ವರ್ಷ ಇರುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಅದರ ಜಾಗದಲ್ಲಿ ಗುಂಡಿಗಳ ಸಾಲು ಇರುತ್ತದೆ. ಪಥವೇ ಇಲ್ಲದ ಕಡೆ ಎರಡು ಪಥಗಳ ನಡುವೆ ಹೋದೆ ಎಂಬ ಅಪರಾಧ ಹೇಗೆ ಹುಟ್ಟುತ್ತದೆ? ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಮ್ಮೆ ಇದನ್ನು ಹೇಳಿದಾಗ ಹಿರಿಯ ಮೇಷ್ಟ್ರೊಬ್ಬರು ಚಹಾದ ಲೋಟ ಕೆಳಗಿಟ್ಟು, “ನೀನು ವಕೀಲಿಕೆಗೆ ಹೋಗ್ಬೇಕಿತ್ತು ಮಾರಾಯ್ತಿ. ಇಲ್ಲಿ ಬಂದು ಮಕ್ಕಳ ತಲೆ ತಿಂತಿದ್ದೀಯ” ಎಂದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ನಾನು ನರಸಿಂಹರಾಜಪುರದವಳು. ಶೃಂಗೇರಿಯಲ್ಲಿ ಅತಿಥಿ ಉಪನ್ಯಾಸಕಿ, ರಾಜ್ಯಶಾಸ್ತ್ರ. ಅತಿಥಿ ಎಂದರೆ ವರ್ಷದ ಕೊನೆಗೆ ಎಲೆ ಎತ್ತಿ ಕಳಿಸಬಹುದಾದವರು. ದಿನಾ ಕೊಪ್ಪದ ಮೇಲೆ ಹಾದು ಹೋಗಿ ಬರುವುದಕ್ಕೆ ಎರಡು ಬಸ್ಸು ಹಿಡಿದರೆ ಮೊದಲ ಪೀರಿಯಡ್ಡು ತಪ್ಪುತ್ತದೆ. ಅದಕ್ಕೇ ಬೈಕು. ಮೊದಮೊದಲು ಪೇಟೆಯಲ್ಲಿ ತಿರುಗಿ ನೋಡುತ್ತಿದ್ದರು. ಆಮೇಲೆ ಅವರಿಗೆ ಬೇಸರ ಬಂತು.

ಹಿಂದಿನ ಮಳೆಗಾಲದಲ್ಲಿ ಕೊಪ್ಪದಿಂದ ಶೃಂಗೇರಿಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಧರೆ ಜರಿದು ಅರ್ಧ ರಸ್ತೆ ಹೋಗಿತ್ತು. ಮಳೆ ನಿಂತ ಮೇಲೆ ತಡೆಗೋಡೆ ಕಟ್ಟುವ ಕೆಲಸ ಶುರುವಾಯಿತು. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದು ಕಡೆಯವರು ಮಾತ್ರ ಹೋಗಬೇಕು. ತಿರುವಿನ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಎರಡೂ ಕಡೆ ಬಾವುಟ ಹಿಡಿದು ನಿಲ್ಲುವವರಿಗೆ ವಾಕಿಟಾಕಿ ಕೊಡುತ್ತೇವೆ ಎಂದಿದ್ದರಂತೆ. ಕೊಡಲಿಲ್ಲ. ಅದರ ಬದಲು ಒಂದು ಕೋಲು ಇತ್ತು.

ಅಡಿಕೆ ಮರ ಸೀಳಿದ ದಬ್ಬೆಯನ್ನು ಒಂದು ಮೊಳ ಉದ್ದಕ್ಕೆ ಕಡಿದು ತುದಿಗೆ ಕೆಂಪು ಬಟ್ಟೆ ಸುತ್ತಿದ ಕೋಲು. ಈ ಕಡೆಯಿಂದ ಒಂದು ಕಂತು ವಾಹನ ಬಿಟ್ಟಾಗ ಕಟ್ಟಕಡೆಯ ವಾಹನದವರ ಕೈಗೆ ಅದನ್ನು ಕೊಡುವುದು. ಅವರು ಆ ತುದಿಯಲ್ಲಿ ನಿಂತವರಿಗೆ ದಾಟಿಸುವುದು. ಕೋಲು ಬಂತು ಎಂದರೆ ರಸ್ತೆ ಖಾಲಿ. ಆಗ ಆ ಕಡೆಯವರು ಬಿಡುವುದು, ತಮ್ಮ ಕೊನೆಯ ವಾಹನಕ್ಕೆ ಅದೇ ಕೋಲು ಕೊಡುವುದು. ಇಷ್ಟೇ. ಪುಸ್ತಕದಲ್ಲಿ ಇಲ್ಲದ, ಯಾರೂ ಸಹಿ ಮಾಡದ ಈ ವ್ಯವಸ್ಥೆ ತಿಂಗಳುಗಟ್ಟಲೆ ಒಂದೂ ತೊಂದರೆಯಿಲ್ಲದೆ ನಡೆಯಿತು.

ಕೊಪ್ಪದ ಕಡೆಯ ತುದಿಯಲ್ಲಿ ಬಾವುಟ ಹಿಡಿಯುತ್ತಿದ್ದವರು ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹೆಂಗಸು, ನಮ್ಮಮ್ಮನಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಮೊದಲ ದಿನ ನಾನು ಹೆಲ್ಮೆಟ್ ತೆಗೆದಾಗ, “ಓ, ಹೆಣ್ಣು ಕೂಸಾ” ಎಂದು ನಕ್ಕಿದ್ದರು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಎಂದು ತಿಳಿದ ಮೇಲೆ ಮೇಡಂ ಆದೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಅವರ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಇಂಥದ್ದೇ ರಸ್ತೆ ಕೆಲಸದಲ್ಲಿ ವರ್ಷಗಟ್ಟಲೆ ಜಲ್ಲಿ ಬುಟ್ಟಿ ಎತ್ತಿದ ತೋಳು ಅದು. “ಡಾಕ್ಟ್ರು ಭಾರ ಎತ್ತಬಾರ್ದು ಅಂದಿದಾರೆ,” ಎಂದು ಒಂದು ದಿನ ಹೇಳಿದರು. “ಎತ್ತದೆ ಎಂತ ಮಾಡದು? ಅಡಿಕೆ ಸುಲಿಯಕ್ಕೆ ಎರಡೂ ಕೈ ಬೇಕು, ಹೆಡಿಗೆ ಬುಟ್ಟಿ ಹೊರಕ್ಕೆ ತೋಳು ಬೇಕು. ಇದಕ್ಕೆ ಒಂದು ಕೈ ಸಾಕು. ಇದು ಹೋದ್ರೆ ನಂಗೆ ಬೇರೆ ಕೆಲ್ಸ ಇಲ್ಲ ಮೇಡಂ.” ಎಡಗೈಯಲ್ಲಿ ಹಸಿರು ಬಾವುಟ ಎತ್ತಿ ತೋರಿಸಿದರು. ಇನ್ನೊಬ್ಬರ ಕಷ್ಟ ಕೇಳುವಾಗ ಎಲ್ಲರೂ ಮಾಡುವಂತೆ ನಾನು ತಲೆಯಾಡಿಸಿದೆ.

ಶನಿವಾರ, ಭಾನುವಾರ ಅಲ್ಲಿ ನಿಜವಾದ ತಮಾಷೆ. ಬಯಲುಸೀಮೆಯಿಂದ ಶೃಂಗೇರಿಗೆ, ಕಿಗ್ಗಕ್ಕೆ ಹೋಗುವ ಕಾರುಗಳು ಬಾವುಟದ ಎದುರು ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ಐದು ನಿಮಿಷ ಕಳೆದರೆ ಯಾರೋ ಒಬ್ಬರಿಗೆ ಬಲಗಡೆ ಖಾಲಿಯಿದೆ ಎಂಬ ಜ್ಞಾನೋದಯವಾಗುತ್ತಿತ್ತು. ಅವರು ಅಲ್ಲಿಗೆ ಹೋಗಿ ಎರಡನೇ ಸಾಲು ಕಟ್ಟುತ್ತಿದ್ದರು. ಅಕ್ಕ ಹೋಗಿ ಗಾಜು ತಟ್ಟುತ್ತಿದ್ದರು. “ಸ್ವಾಮೀ, ನೀವು ಇಲ್ಲಿ ನಿಂತ್ರೆ ಎದುರು ಬರುವವ್ರು ನಿಮ್ಮ ತಲೆ ಮೇಲೆ ಹೋಗದಾ?” ಆ ಎರಡು ಸಾಲುಗಳ ನಡುವಿನ ಸಂದಿ ನಮ್ಮದು, ಬೈಕಿನವರದು. ಹ್ಯಾಂಡಲ್ ಓರೆ ಮಾಡಿ, ಕಾರಿನ ಕನ್ನಡಿಗಳನ್ನು ಉಳಿಸಿಕೊಂಡು ಮುಂದೆ ಬಂದು ಅಕ್ಕನ ಮುಂದೆ ನಿಲ್ಲುತ್ತಿದ್ದೆವು. ಅದಕ್ಕೆ ಅವರ ಅಡ್ಡಿಯಿರಲಿಲ್ಲ. ನಿಂತಿರುವಾಗ ಬನ್ನಿ, ತಿರುವಿನೊಳಗೆ ಮಾತ್ರ ಬೇಡ ಎನ್ನುತ್ತಿದ್ದರು.

ಅವರಿಗೆ ಬಸ್ಸೆಂದರೆ ಇಷ್ಟ. ಬಸ್ಸು ಕೊನೆಗೆ ಬಂದರೆ ಕೋಲಿನ ಚಿಂತೆಯಿಲ್ಲ. ಕಂಡಕ್ಟರ್ ಒಬ್ಬರು ಕೋಲು ಕಂಕುಳಲ್ಲಿಟ್ಟುಕೊಂಡು, “ಇದಕ್ಕೆ ಟಿಕೆಟ್ ಮಾಡದು ಬೇಡ್ವಾ?” ಎಂದು ಕೇಳುವುದು, “ಅರ್ಧ ಟಿಕೆಟ್ ಹರಿದು ಕೊಡಿ, ಮೊಳಕ್ಕಿಂತ ಉದ್ದ ಇಲ್ಲ ಅದು” ಎಂದು ಅಕ್ಕ ಹೇಳುವುದು, ಇದು ವಾರಕ್ಕೆರಡು ಸಲ ನಡೆಯುತ್ತಿತ್ತು. ಎರಡು ಸಲವೂ ಇಬ್ಬರೂ ನಗುತ್ತಿದ್ದರು.

ಬೈಕಿಗೆ ಮಾತ್ರ ಅವರು ಕೋಲು ಕೊಡುತ್ತಿರಲಿಲ್ಲ. ಕೊನೆಗೆ ಬಂದದ್ದು ಬೈಕಾದರೆ, ಇನ್ನೊಂದು ಕಾರೋ ಜೀಪೋ ಬರುವವರೆಗೆ ಅದನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಹಾಗೆ ನಿಂತ ಒಂದು ಬೆಳಿಗ್ಗೆ ನಾನು ಕೆಣಕಿದೆ.

“ಯಾಕಕ್ಕಾ, ಬೈಕು ವಾಹನ ಅಲ್ವಾ?”

“ವಾಹನವೇ. ಬೈಕಿನವ್ರು ಕಡೇಲಿ ಉಳಿಯಲ್ಲ ಮೇಡಂ. ಸಂದಿ ಕಂಡ್ರೆ ಹೊಕ್ತೀರಿ. ಕೋಲು ಮೊದ್ಲು ಹೋಗಿ ಕೂತ್ರೆ ಹಿಂದೆ ಉಳ್ದವ್ರ ಗತಿ ಎಂತ?”

“ಹಾಗಾದ್ರೆ ನಿಯಮ ಓಡಿಸುವವರಿಗೆ ಇರಬೇಕು, ವಾಹನಕ್ಕಲ್ಲ. ಎಲ್ಲ ಬೈಕಿನವರೂ ಒಂದೇ ಅಂತ ಹೇಗೆ ಹೇಳ್ತೀರಿ? ಇದು ಸಾರ್ವತ್ರೀಕರಣ.”

“ಅದೆಂತದೋ ನಂಗೊತ್ತಿಲ್ಲ. ನಿಮ್ದು ಬಾಯಿ ಜೋರು, ನಂದು ಕೋಲು” ಎಂದು ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಂದರೆ, ಆ ನಿಯಮ ಯಾಕಿತ್ತು ಎಂದು ನನಗೆ ಗೊತ್ತಿತ್ತು. ಇದನ್ನು ಇಲ್ಲಿಯೇ ಬರೆದಿಡುವುದು ಒಳ್ಳೆಯದು. ಆಮೇಲೆ ನನ್ನ ವಾದಗಳು ಶುರುವಾಗುತ್ತವೆ.

ಅದೊಂದು ಶನಿವಾರ. ನಾನು ತಡವಾಗಿದ್ದೆ. ತಿರುವಿಗೆ ಬರುವಾಗ ಅಕ್ಕ ಹಸಿರು ಬಾವುಟ ತೋರಿಸಿ ಒಂದು ಕಂತು ಬಿಡುತ್ತಿದ್ದರು. ಕೊನೆಯದು ಒಂದು ಬಿಳಿ ಕಾರು. ಅವರು ಕೋಲು ಹಿಡಿದು ಗಾಜು ತಟ್ಟಿದರು. ಗಾಜು ಎರಡು ಬೆರಳಿನಷ್ಟು ಇಳಿಯಿತು. ಒಳಗಿನಿಂದ, “ಏನೂ ಬೇಡ, ಏನೂ ಬೇಡ” ಎಂದರು. ಅಕ್ಕನನ್ನು ಏನನ್ನೋ ಮಾರಲು ಬಂದವರು ಎಂದುಕೊಂಡರು. ಗಾಜು ಏರಿತು, ಕಾರು ಹೋಯಿತು. ಅಕ್ಕ ಕೋಲು ಹಿಡಿದುಕೊಂಡು ರಸ್ತೆಯ ನಡುವೆ ನಿಂತರು. ಹಿಂದೆ ನೋಡಿದರೆ ನನ್ನ ಬೈಕು ಬಿಟ್ಟು ಏನೂ ಇಲ್ಲ. ಆ ಕಡೆಯವರು ಆಗಲೇ ಕಾಲು ಗಂಟೆಯಿಂದ ನಿಂತಿದ್ದರು, ಹಾರನ್ನುಗಳು ತಿರುವು ದಾಟಿ ಇಲ್ಲಿಗೆ ಕೇಳುತ್ತಿದ್ದವು. ಕೋಲು ಹೋಗದೆ ಅವರು ಬಿಡುವ ಹಾಗಿಲ್ಲ.

ಅವರು ನನ್ನನ್ನು ನೋಡಿದರು. ಆ ಕ್ಷಣದ ಲೆಕ್ಕಾಚಾರ ಅವರ ಮುಖದಲ್ಲಿ ಕಾಣುತ್ತಿತ್ತು. ಗೊತ್ತಿರುವ ಹುಡುಗಿ, ಓದಿದವಳು, ಮೇಡಂ.

“ಇವತ್ತು ನೀವೇ ತಗೊಂಡು ಹೋಗಿ. ಆದ್ರೆ ಆ ಬಿಳಿ ಕಾರಿನ ಹಿಂದೇನೇ ಹೋಗ್ಬೇಕು. ಎಲ್ಲಿ ನಿಂತ್ರೂ ಹಿಂದೇನೇ ನಿಲ್ಬೇಕು. ಮುಂದೆ ಹೋಗ್ಬೇಡಿ.”

“ಆಯ್ತಕ್ಕಾ.”

ಕೋಲನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಹೊರಟೆ. ತಿರುವಿನ ನಡುವೆ ಜೆಸಿಬಿ ರಸ್ತೆಗೆ ಅಡ್ಡ ತಿರುಗಿ ಮಣ್ಣು ಎತ್ತುತ್ತಿತ್ತು. ಮುಂದಿದ್ದ ಹತ್ತು ಹನ್ನೆರಡು ವಾಹನ ಅದಕ್ಕೂ ಮೊದಲೇ ದಾಟಿ ಹೋಗಿದ್ದವು, ಆರು ಕಾರು ಈಚೆ ಸಿಕ್ಕಿಕೊಂಡಿದ್ದವು. ನಾನು ಬಿಳಿ ಕಾರಿನ ಹಿಂದೆ ನಿಂತೆ. ಒಂದು ನಿಮಿಷ ನಿಂತಿರಬೇಕು. ಕಾರುಗಳಿಗೂ ಹೊಸ ಗೋಡೆಗೂ ನಡುವೆ ಒಂದು ಬೈಕಿನ ಸಂದಿ ಇತ್ತು. ಜೆಸಿಬಿಯವನು ನನ್ನನ್ನು ನೋಡಿ ಬಕೆಟ್ಟನ್ನು ಸ್ವಲ್ಪ ಎತ್ತಿ, ಬೇಕಾದರೆ ಹೋಗಿ ಎಂಬಂತೆ ತಲೆ ಆಡಿಸಿದ.

ಯೋಚನೆ ಮಾಡದೆ ಹೋದೆ ಎಂದು ಬರೆದರೆ ಸುಲಭ. ಯೋಚನೆ ಮಾಡಿದೆ. ಆ ತುದಿಯವರಿಗೆ ‘ಹಿಂದೆ ಇನ್ನೂ ಆರು ಕಾರಿದೆ, ಬಿಡಬೇಡಿ’ ಎಂದು ಹೇಳಿದರೆ ಸಾಕಲ್ಲ, ಕೋಲು ಹೇಳುವುದನ್ನು ಬಾಯಿ ಹೇಳಿದರೆ ಏನು ಕಡಿಮೆ, ಎಂದು ಯೋಚಿಸಿದೆ. ಒಳ್ಳೆಯ ವಾದ. ಗೇರ್ ಹಾಕಿದೆ.

ಆ ತುದಿಯಲ್ಲಿ ಬಾವುಟ ಹಿಡಿದಿದ್ದವರು ಕಿಗ್ಗದ ಕಡೆಯ ಒಬ್ಬ ವಯಸ್ಸಾದ ಮನುಷ್ಯ. ಅವರ ಸುತ್ತ ಜನ, ಬೈಕು, ಬೈಗುಳ. ನಾನು ಕೋಲು ಚಾಚಿದೆ. ಅವರು ನನ್ನ ಮುಖವನ್ನೂ ನೋಡದೆ ಅದನ್ನು ಕಿತ್ತುಕೊಂಡು ಹಸಿರು ಬಾವುಟ ಎತ್ತಿದರು. ಹೇಳಬೇಕೆಂದುಕೊಂಡದ್ದನ್ನು ನಾನು ಹೇಳಲಿಲ್ಲ. ಹೇಳಲು ಸಮಯವಿರಲಿಲ್ಲ ಎಂದಲ್ಲ. ಹೇಳಿದರೆ ಅವರು ‘ಮತ್ತೆ ಕೋಲು ಯಾಕೆ ತಂದೆ’ ಎಂದು ಎಲ್ಲರೆದುರು ಕೇಳುತ್ತಾರೆ, ಆಗ ನಿಂತು ಉತ್ತರ ಕೊಡಬೇಕು. ಇವರ ವಾಹನಗಳು ತಿರುವಿಗೆ ಬರುವ ಹೊತ್ತಿಗೆ ಆ ಕಾರುಗಳು ಹೇಗೂ ದಾಟಿರುತ್ತವೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಮಧ್ಯಾಹ್ನ ತಿರುಗಿ ಬರುವಾಗ ಆ ಮನುಷ್ಯ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಧ್ವನಿ ಏರಿಸಲಿಲ್ಲ.

“ಕೋಲು ಬಂತು, ನಾನು ಬಿಟ್ಟೆ. ಹಿಂದೆ ಕಾರಿತ್ತಲ್ಲ ಮೇಡಂ.”

ಅವರು ಬಿಟ್ಟಾಗ ಎಲ್ಲರಿಗಿಂತ ಮುಂದಿದ್ದದ್ದು ಒಂದು ಬೈಕು. ಅದೂ ನಮ್ಮಂತೆಯೇ ಸಂದಿಯಲ್ಲಿ ಮುಂದೆ ಬಂದು ನಿಂತದ್ದು. ತಿರುವಿನಲ್ಲಿ ಆ ಬೈಕು, ಜೆಸಿಬಿ ದಾಟಿ ಆಗಷ್ಟೇ ವೇಗ ಹಿಡಿದಿದ್ದ ಮೊದಲ ಕಾರು, ಎರಡೂ ಎದುರುಬದುರಾದವು. ಬೈಕಿನವರಿಗೆ ಕೊಪ್ಪದಲ್ಲಿ ಚಪ್ಪಲಿ ಅಂಗಡಿ. ತೊಡೆಯ ಮೂಳೆ ಮುರಿದಿತ್ತು. ಶಿವಮೊಗ್ಗಕ್ಕೆ ಒಯ್ದಿದ್ದರು.

ಈ ತುದಿಯಲ್ಲಿ ಅಕ್ಕ ಕಾಯುತ್ತಿದ್ದರು. ಯಾಕೆ ಮುಂದೆ ಹೋದೆ ಎಂದು ಅವರು ಕೇಳುತ್ತಾರೆ ಎಂದುಕೊಂಡು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಕೇಳಲಿಲ್ಲ.

“ನಾಳೆ ಹನ್ನೊಂದು ಗಂಟೆಗೆ ಶೆಡ್ಡಿಗೆ ಬರಕ್ಕೆ ಹೇಳಿದಾರೆ, ನಿಮ್ಗೂ ಹೇಳಕ್ಕೆ ಹೇಳಿದಾರೆ. ಅಂಗಡಿಯವ್ರ ತಮ್ಮ ಬತ್ತಾರಂತೆ. ಬೈಕಿಗೆ ಎಂತಕ್ಕೆ ಕೋಲು ಕೊಟ್ಟೆ ಅಂತ ಸೂಪರ್‌ವೈಸರ್ ನನ್ನ ಮೇಲೆ ಹಾರ್ತಾ ಇದಾರೆ. ತೆಗೆದು ಹಾಕ್ತೀನಿ ಅಂತಾರೆ.” ಬಾವುಟವನ್ನು ಸುತ್ತುತ್ತ, ಬಿಚ್ಚುತ್ತ ಹೇಳಿದರು. “ನೀವು ಒಂದೇ ಮಾತು ಹೇಳಿ ಮೇಡಂ. ಹಿಂದೇನೇ ಹೋಗಿ ಅಂತ ಇವ್ರು ಹೇಳಿದ್ರು ಅಂತ. ಅಷ್ಟು ಸಾಕು. ನಾನು ಹೇಳಿದ್ರೆ ನಂಬಲ್ಲ, ನೀವು ಹೇಳಿದ್ರೆ ಕೇಳ್ತಾರೆ.”

“ಹೇಳ್ತೇನೆ ಅಕ್ಕ” ಎಂದೆ. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಸಂಜೆ ಮನೆಯಲ್ಲಿ ಕೂತು, ಸ್ಪರ್ಧೆಗೆ ಮಾಡುವ ಹಾಗೆ, ಹಾಳೆಯ ನಡುವೆ ಗೆರೆ ಎಳೆದು ಎರಡೂ ಬದಿಯ ಅಂಶಗಳನ್ನು ಬರೆದುಕೊಂಡೆ. ಆಗ ಕಂಡಿತು. ಅಕ್ಕ ಕೇಳಿದ ಆ ಒಂದು ಮಾತನ್ನು ಹೇಳಿದರೆ ನನ್ನ ಬದಿಯಲ್ಲಿ ಏನೂ ಉಳಿಯುವುದಿಲ್ಲ. ಹಿಂದೆಯೇ ಇರು ಎಂದು ಹೇಳಿಸಿಕೊಂಡು, ಒಪ್ಪಿಕೊಂಡು, ಮುಂದೆ ಹೋದವಳು ನಾನೊಬ್ಬಳೇ. ಠಾಣೆಯಲ್ಲಿ ದೂರು ಬರೆದರೆ ಅದು ನನ್ನ ಹೆಸರಿನಲ್ಲಿ. ಅಂಥ ಹೆಸರಿನ ಅತಿಥಿಯನ್ನು ಮುಂದಿನ ವರ್ಷ ಯಾವ ಕಾಲೇಜು ಕರೆಯುತ್ತದೆ? ಅಮ್ಮ ಊಟಕ್ಕೆ ಕರೆದು, “ನಾಳೆ ಎಂತ ಸ್ಪರ್ಧೆ ಉಂಟನೇ?” ಎಂದಳು. “ಹ್ಞೂಂ” ಎಂದೆ.

ತಗಡಿನ ಶೆಡ್ಡು, ಸಿಮೆಂಟ್ ಮೂಟೆಗಳು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಸೂಪರ್‌ವೈಸರ್, ದಾವಣಗೆರೆ ಕಡೆಯವರು. ಒಂದರಲ್ಲಿ ಚಪ್ಪಲಿ ಅಂಗಡಿಯವರ ತಮ್ಮ, ರಾತ್ರಿಯಿಡೀ ಆಸ್ಪತ್ರೆಯಲ್ಲಿದ್ದು ಬಂದ ಮುಖ. ಒಂದು ನನಗೆ. ಕಿಗ್ಗದವರು ಮೂಟೆಯ ಮೇಲೆ ಕೂತರು. ಅಕ್ಕ ನಿಂತೇ ಇದ್ದರು. ನಾಲ್ಕನೇ ಕುರ್ಚಿ ಖಾಲಿಯೇ ಇತ್ತು.

“ಬೈಕಿಗೆ ಕೋಲು ಕೊಡಂಗಿಲ್ಲ ಅಂತ ಇತ್ತೋ ಇಲ್ವೋ?” ಸೂಪರ್‌ವೈಸರ್ ಕೇಳಿದರು.

“ಇತ್ತು ಸಾರ್. ನಾನೇ ಮಾಡ್ಕೊಂಡಿದ್ದು. ನಿನ್ನೆ ಕಾರಿನವ್ರು ತಗೊಳ್ಳಲ್ಲ ಅಂದ್ರು...”

ನಾನು ಅಲ್ಲಿ ಪ್ರವೇಶಿಸಿದೆ. ಮೊದಲು ಮಾತಾಡಿದವರು ಚರ್ಚೆಯ ಅಂಗಳ ಎಷ್ಟು ದೊಡ್ಡದು ಎಂದು ನಿರ್ಧರಿಸುತ್ತಾರೆ, ಇದು ಪಾಠದ ಮೊದಲ ಸಾಲು.

“ಆ ನಿಯಮ ಎಲ್ಲಿ ಬರೆದಿದೆ ಸಾರ್? ಬೋರ್ಡ್ ಇದೆಯಾ? ಸಂದಿಯಲ್ಲಿ ಹೋಗಬಾರದು ಅಂತ ಬೋರ್ಡ್ ಇದೆಯಾ? ರಸ್ತೆಯಲ್ಲಿ ಗೆರೆ ಇದೆಯಾ? ಒಳಗೆ ಕಾರು ಸಿಕ್ಕಿಕೊಂಡಿರುವಾಗ ನಿಮ್ಮ ಜೆಸಿಬಿಯವರು ನನಗೆ ದಾರಿ ಬಿಟ್ಟರು. ಅವರಿಗೆ ಏನು ತರಬೇತಿ ಕೊಟ್ಟಿದ್ದೀರಿ? ವಾಕಿಟಾಕಿ ಎಲ್ಲಿ? ಇಷ್ಟು ವಾಹನ ಓಡಾಡುವ ರಸ್ತೆಯನ್ನು ಒಂದು ಅಡಿಕೆ ದಬ್ಬೆಯ ಮೇಲೆ ನಡೆಸ್ತಿದ್ದೀರಿ.”

ಸೂಪರ್‌ವೈಸರ್ ಕುರ್ಚಿಯಲ್ಲಿ ಹಿಂದೆ ಸರಿದರು. ನನಗೆ ಹುರುಪು ಬಂತು. ನಾನು ದೊಡ್ಡವರ ಮೇಲೆ ವಾದ ಮಾಡುತ್ತಿದ್ದೇನೆ, ನ್ಯಾಯದ ಪರವಾಗಿದ್ದೇನೆ ಎಂಬ ಭಾವನೆಯೂ ಜೊತೆಗೆ ಬಂತು. ಅಂಗಡಿಯವರ ತಮ್ಮನ ಕಡೆ ತಿರುಗಿದೆ.

“ನಿಮ್ಮ ಅಣ್ಣನೂ ಸಂದಿಯಲ್ಲೇ ಮುಂದೆ ಬಂದವರು. ಇಲ್ಲದಿದ್ದರೆ ಅಷ್ಟು ಕಾರುಗಳ ಮುಂದೆ ಅವರ ಬೈಕು ಹೇಗೆ ಬಂತು?”

“ಮೇಡಂ, ಅವನ ಕಾಲು ಮುರಿದಿದೆ” ಎಂದ ಆತ.

“ಅದು ಬೇರೆ ವಿಷಯ” ಎಂದೆ.

ಆತ ನನ್ನನ್ನು ನೋಡಿ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ಸಭಾಂಗಣವಾಗಿದ್ದರೆ ಅದು ನನ್ನ ಅಂಕ. ನಾನು ನಿಲ್ಲಿಸಬಹುದಿತ್ತು. ಆದರೆ ಸೂಪರ್‌ವೈಸರ್, “ಅದೆಲ್ಲ ಸರಿ ಮೇಡಂ, ಕೋಲು ನಿಮ್ಮ ಕೈಲಿತ್ತಲ್ಲ” ಎಂದರು. ಪ್ರಶ್ನೆಗೆ ಪ್ರಶ್ನೆ ಬಂದಾಗ ನನಗೆ ತಡೆದುಕೊಳ್ಳಲು ಬರುವುದಿಲ್ಲ.

“ಬೈಕಿನವರು ಕೊನೆಯಲ್ಲಿ ಉಳಿಯುವುದಿಲ್ಲ ಎಂದು ಗೊತ್ತಿದ್ದವರೇ ಬೈಕಿಗೆ ಕೋಲು ಕೊಟ್ಟರೆ, ತಪ್ಪು ತಗೊಂಡವರದೋ ಕೊಟ್ಟವರದೋ?”

ಸೂಪರ್‌ವೈಸರ್ ಮುಖದಲ್ಲಿ ಒಂದು ಸಣ್ಣ ಬಿಡುಗಡೆ ಕಂಡಿತು. ವಾಕಿಟಾಕಿಯ ಮಾತು ಅಲ್ಲಿಗೆ ಮುಗಿದಿತ್ತು. “ಅದನ್ನೇ ನಾನು ಬೆಳಿಗ್ಗೆಯಿಂದ ಹೇಳ್ತಿರೋದು” ಎಂದು ಅಕ್ಕನ ಕಡೆ ತಿರುಗಿದರು.

ಅಕ್ಕ ನನ್ನನ್ನೇ ನೋಡುತ್ತಿದ್ದರು. ಕೋಪದಿಂದಲ್ಲ. ನನ್ನ ಮಾತು ಇನ್ನೂ ಮುಗಿದಿಲ್ಲ, ಆ ಒಂದು ಮಾತು ಈಗ ಬರುತ್ತದೆ ಎಂದು ಕಾಯುತ್ತಿದ್ದರು. ಬಾರದಿದ್ದಾಗ ತಾವೇ ಹೇಳಿದರು.

“ಹಿಂದೇನೇ ಹೋಗಿ ಅಂತ ನಾನು ಹೇಳಿದ್ದೆ ಸಾರ್. ಮೇಡಂ ಹತ್ರ ಕೇಳಿ.”

“ಹೇಳಿದ್ಲಾ ಮೇಡಂ?”

“ಆ ಗಡಿಬಿಡಿಯಲ್ಲಿ ಏನು ಹೇಳಿದರೋ, ನನಗೆ ನೆನಪಿಲ್ಲ” ಎಂದೆ.

ಕಿಗ್ಗದ ಮುದುಕರು ಮೂಟೆಯಿಂದ ಎದ್ದು ಹೊರಗೆ ಹೋದರು. ಆಸ್ಪತ್ರೆಯ ಖರ್ಚು ನಾವು ನೋಡಿಕೊಳ್ಳುತ್ತೇವೆ, ದೂರು ಬೇಡ ಎಂದು ಅಂಗಡಿಯವರ ತಮ್ಮನನ್ನು ಸೂಪರ್‌ವೈಸರ್ ಒಪ್ಪಿಸಿದರು. ತಪ್ಪು ಮಾಡಿದವರನ್ನು ತೆಗೆದಾಯಿತು ಎಂದು ತೋರಿಸಲು ಒಬ್ಬರು ಬೇಕಿತ್ತು. ಸೋಮವಾರದಿಂದ ಬರಬೇಡ ಎಂದು ಅಕ್ಕನಿಗೆ ಅಲ್ಲೇ ಹೇಳಿದರು. ಹೊರಗೆ ಬಂದಾಗ ಅಂಗಡಿಯವರ ತಮ್ಮ ನನ್ನ ಬೈಕಿನ ಪಕ್ಕ ನಿಂತು ಫೋನಿಗೆ ಸಿಗ್ನಲ್ ಹುಡುಕುತ್ತಿದ್ದ. ಬೈಕು ತೆಗೆಯಲು ದಾರಿ ಬಿಟ್ಟು ಸರಿದು ನಿಂತ.

ಮುಂದಿನ ವಾರ ಆ ತಿರುವಿನಲ್ಲಿ ಹಳದಿ ಬೋರ್ಡು ಬಂತು. ‘ದ್ವಿಚಕ್ರ ವಾಹನಗಳಿಗೆ ಕೋಲು ಕೊಡುವುದಿಲ್ಲ. ಸಾಲು ಬಿಟ್ಟು ಮುಂದೆ ಹೋಗಬಾರದು.’ ಎಲ್ಲಿ ಬರೆದಿದೆ ಎಂದು ನಾನು ಕೇಳಿದ್ದೆನಲ್ಲ, ಬರೆಸಿದ್ದರು. ಅದು ಅಕ್ಕನದೇ ನಿಯಮ, ಅವರನ್ನು ಕಳಿಸಿದ ಮೇಲೆ ಬಣ್ಣ ಬಳಿದದ್ದು. ಅದರ ಪಕ್ಕ ಬಾವುಟ ಹಿಡಿದು ನಿಂತಿದ್ದ ಹೊಸಬ ಫೋನಿನಲ್ಲಿ ತುಂಬಿಸಿಟ್ಟ ಹಾಡು ಕೇಳುತ್ತಿದ್ದ. ಬೈಕಿನವರು ಬೋರ್ಡು ಓದಿ, ಸಂದಿಯಲ್ಲಿ ಮುಂದೆ ಬಂದು ನಿಲ್ಲುತ್ತಿದ್ದರು. ನಾನೂ.

ನಿಯಮಗಳ ಬಗ್ಗೆ ನನಗೆ ಮೊದಲಿಂದಲೂ ಇದ್ದ ಅನುಮಾನ ಅಲ್ಲಿ ಗಟ್ಟಿಯಾಯಿತು, ಆದರೆ ನಾನು ಅಂದುಕೊಂಡ ದಿಕ್ಕಿನಲ್ಲಲ್ಲ. ಬರೆದ ನಿಯಮ ಯಾರನ್ನೂ ತಡೆಯಲಿಲ್ಲ. ಬರೆಯದ ನಿಯಮ ತಡೆಯುತ್ತಿದ್ದದ್ದು ಒಬ್ಬರು ಅಲ್ಲಿ ನಿಂತು, ಪ್ರತಿ ಬೈಕಿನವರ ಮುಖ ನೋಡಿ, ಇಲ್ಲ ಎನ್ನುತ್ತಿದ್ದುದರಿಂದ. ಅವರು ಅದನ್ನು ಮುರಿದದ್ದು ಒಂದೇ ಸಲ, ನನ್ನನ್ನು ನಂಬಿ. ನಾನು ಅದನ್ನೇ ಅವರ ವಿರುದ್ಧದ ಅಂಶವಾಗಿ ಬಳಸಿದೆ. ನೆನಪಿಲ್ಲ ಎಂದ ಸುಳ್ಳಿಗಿಂತ ಇದು ಕೆಟ್ಟದ್ದು. ಯಾಕೆಂದರೆ ಇದು ತರ್ಕದ ಪ್ರಕಾರ ಸರಿಯಾಗಿಯೇ ಇತ್ತು.

ಅಕ್ಕ ಅಡಿಕೆ ಸುಲಿಯಲು ಹೋದರು, ಮೂರನೇ ದಿನಕ್ಕೆ ಕೈ ಊದಿ ವಾಪಸು ಬಂದರು ಎಂದು ಕಂಡಕ್ಟರಿಂದ ತಿಳಿಯಿತು. ಆಮೇಲೆ ಮನೆಯಲ್ಲೇ ಇದ್ದಾರಂತೆ. ಕಂಡಕ್ಟರ್ ನನಗೆ ಇದನ್ನು ಸುಮ್ಮನೆ ಹೇಳಲಿಲ್ಲ. ಕೊಪ್ಪದ ನಿಲ್ದಾಣದಲ್ಲಿ ಬೈಕಿನ ಪಕ್ಕ ಬಂದು ನಿಂತು, “ಹಿಂದೇನೇ ಹೋಗಿ ಅಂತ ಅವ್ರು ಹೇಳಿದ್ದು ಈಗಾದ್ರೂ ನೆನಪಾಯ್ತಾ ಮೇಡಂ?” ಎಂದು ಕೇಳಿದರು, ನಾನು ಗೇರ್ ಹಾಕಿದೆ.